ಮೂರು ವಾರಕ್ಕೊಂದು ಫೋನು

"ನನ್ನ ಹೆಸರು ತೆಗೆದುಬಿಡಿ!"

ಗಾಲ್ಫ್ ಕ್ಲಬ್ಬಿನ ಸದಸ್ಯತ್ವ ವಿಭಾಗದಲ್ಲಿ ಅವಳ ಮೇಜಿನ ಮೇಲೆ ಪತ್ರವೊಂದು ಬಂದು ಬಿತ್ತು. ಅವಳು ತಲೆಯೆತ್ತಿ ನೋಡಿದಳು. ಹೋದ ತಿಂಗಳಷ್ಟೇ ಸೇರಿದ್ದ ಹಲ್ಲಿನ ಡಾಕ್ಟರು! ಊರಿನವರ ಬಾಯಿ ತೆರೆಸುವ ಮನುಷ್ಯ, ಈಗ ತನ್ನ ಬಾಯಿ ಬಿಗಿಹಿಡಿದು ನಿಂತಿದ್ದ.

"ಯಾಕೆ ಸಾರ್, ಏನಾಯ್ತು?"

"ಒಂದು ತಿಂಗಳಿಂದ ಒಬ್ನೇ ಆಡ್ತಿದೀನಿ. ಒಬ್ರಾದ್ರೂ ಬನ್ನಿ ಅಂತ ಕರೆದಿಲ್ಲ. ಚೆಂಡಿನ ಹತ್ರ ಎಷ್ಟೂಂತ ಮಾತಾಡ್ಲಿ ಹೇಳಿ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅಯ್ಯೋ, ನಕ್ಕುಬಿಟ್ಟೆನಲ್ಲಾ! ಆದರೆ ಅವನೂ ನಕ್ಕ. ಎಡಗೆನ್ನೆಯಲ್ಲೊಂದು ಗುಳಿ ಬಿತ್ತು. ಯಾಕೋ ಅವಳ ಕಣ್ಣು ಅಲ್ಲೇ ನಿಂತುಬಿಟ್ಟಿತು.

"ಪತ್ರ ವಾಪಸ್ ತಗೊಳ್ಳಿ ಸಾರ್. ಇನ್ಮೇಲೆ ನೀವು ಮೂರು ವಾರ ಬರ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ. ಅದು ನನ್ನ ಕೆಲಸ."

"ನೀವೇನಾ? ಖಂಡಿತಾ?"

"ನಾನೇ."

ಅವನು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ! ಮುಂದಿನ ಗೇಟಿನ ರಿಜಿಸ್ಟರಿನಲ್ಲಿ ಮೂರು ವಾರ ಸಹಿ ಕಾಣದವರ ಹೆಸರಿನ ಕೆಳಗೆ ಅವಳು ಕೆಂಪು ಗೆರೆ ಎಳೆದು ಫೋನ್ ಮಾಡುತ್ತಿದ್ದಳು. ಕೆಲವರು "ಬರ್ತಾನೇ ಇದೀನಲ್ಲಮ್ಮಾ" ಎಂದರೆ, ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ಗೊಣಗಿಕೊಳ್ಳುತ್ತಿದ್ದಳು.

ಡಾಕ್ಟರು ಮಾತ್ರ "ಹೌದು, ಸಹಿ ಹಾಕಿಲ್ಲ" ಎಂದು ಒಪ್ಪಿಕೊಳ್ಳುತ್ತಿದ್ದ. ಆಮೇಲೆ ಮುಕ್ಕಾಲು ಗಂಟೆ ಮಾತು! ಮಾರನೇ ದಿನ ಬಂದು ಸಹಿ ಹಾಕಿ, ಅವಳ ಮೇಜಿನೆದುರು ಕುಳಿತು ಹೊಟ್ಟೆ ಹುಣ್ಣಾಗುವಷ್ಟು ನಗಿಸಿ ಹೋಗುತ್ತಿದ್ದ. ಮತ್ತೆ ಮೂರು ವಾರ ನಾಪತ್ತೆ.

ರಜೆಯ ದಿನ ಮನೆಯಿಂದಲೇ ಫೋನ್ ಮಾಡಿದಾಗ ಅವಳ ಅಮ್ಮ ಕೇಳಿಯೇಬಿಟ್ಟರು. "ಹಲ್ಲಿನ ಡಾಕ್ಟ್ರ ಹತ್ರ ಅಷ್ಟೊತ್ತು ಏನೇ ಮಾತು? ಬಾಯಲ್ಲಿ ಇರೋದು ಮೂವತ್ತೆರಡೇ ಅಲ್ವಾ?"

"ಹೋಗಮ್ಮಾ!" ಎಂದು ಅವಳು ಕೋಣೆಗೆ ಓಡಿದ್ದಳು.

ನಾಲ್ಕನೇ ಸಲ ಅವನ ಹೆಸರಿಗೆ ಕೆಂಪು ಗೆರೆ ಬಿದ್ದಾಗ ಕ್ಲಬ್ಬಿನ ಅಧ್ಯಕ್ಷರು ಅವಳನ್ನು ಕರೆಸಿದರು.

"ಒಂಬತ್ತು ಹೆಸರು ಕೆಂಪಲ್ಲಿವೆ. ಇಷ್ಟು ದಿನ ಫೋನ್ ಮಾಡಿ ಏನು ಬಂತಮ್ಮಾ? ಶನಿವಾರದ ಸಭೆಯೊಳಗೆ ಈ ಪಟ್ಟಿ ಸಣ್ಣದಾಗ್ಲಿಲ್ಲ ಅಂದ್ರೆ, ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಅವಳ ಕಣ್ಣು ತುಂಬಿತು. ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಅವನ ಹೆಸರಿನ ಕೆಳಗಿದ್ದ ಆ ನಾಲ್ಕು ಗೆರೆಗಳು. ನನ್ನ ಮೇಲೆ ಒಂಚೂರಾದರೂ ಮನಸ್ಸಿದ್ದಿದ್ದರೆ ಹೀಗೆ ಮಾಡುತ್ತಿದ್ದನೇ? ಅವನಿಗೆ ಇದೆಲ್ಲ ಹೊತ್ತು ಕಳೆಯುವ ಮಾತು... ನಾನೇ ಪೆದ್ದಿ! ಈ ಸಲ ಅವನ ನಂಬರನ್ನು ಪಕ್ಕದ ಮೇಜಿನ ಗುಮಾಸ್ತರಿಗೆ ಕೊಟ್ಟುಬಿಟ್ಟಳು.

ಮಾರನೇ ಬೆಳಗ್ಗೆ ಅದೇ ಹಳೆಯ ಪತ್ರ, ಮಡಿಕೆಯ ಗುರುತಿನ ಸಮೇತ, ಮೇಜಿನ ಮೇಲೆ ಬಂದು ಬಿತ್ತು.

"ನನ್ನ ಹೆಸರು ತೆಗೆದುಬಿಡಿ."

"ತೆಗೀತೀನಿ ಬಿಡಿ! ಮೂರು ವಾರಕ್ಕೊಂದು ದಿನ ಮುಖ ತೋರಿಸೋರಿಗೆ ಕ್ಲಬ್ಬು ಯಾಕೆ ಬೇಕು?"

"ನೀವೇ ಫೋನ್ ಮಾಡ್ತೀನಿ ಅಂದಿದ್ರಿ." ಅವನು ಪತ್ರವನ್ನು ಇನ್ನಷ್ಟು ಮುಂದೆ ತಳ್ಳಿದ. "ನಿನ್ನೆ ಯಾರೋ ಗುಮಾಸ್ತರು ಮಾಡಿದ್ರು. ಇಪ್ಪತ್ತೊಂದು ದಿನ ಬೆರಳು ಮಡಚಿ ಎಣಿಸಿದ್ದು ಅವರಿಗೋಸ್ಕರನಾ?"

ಅಷ್ಟರಲ್ಲಿ ಮೈದಾನದ ಹುಲ್ಲು ಕತ್ತರಿಸುವ ತಾತ ಬಾಗಿಲಲ್ಲಿ ಇಣುಕಿದ.

"ಏನ್ ಡಾಕ್ಟ್ರೇ, ಇವತ್ತು ಹಿಂದಿನ ಗೇಟಲ್ಲಿ ಕಾಣ್ಲೇ ಇಲ್ಲ? ನಿಮ್ಮವರೆಲ್ಲ ಕಾದು ಕಾದು ಸಾಕಾದ್ರು!"

"ಹಿಂದಿನ ಗೇಟಾ?" ಅವಳು ಬೆಚ್ಚಿ ಕೇಳಿದಳು.

"ದಿನಾ ಬೆಳಗ್ಗೆ ಆರಕ್ಕೇ ಬರ್ತಾರಲ್ಲಮ್ಮಾ! ಒಂಟಿಯಾಗಿ ಆಡ್ತಿದ್ದವರನ್ನೆಲ್ಲ ಸೇರಿಸ್ಕೊಂಡು ಗುಂಪು ಮಾಡಿದಾರೆ. ನೀವು ಆಫೀಸಿನ ಬೀಗ ತೆಗೆಯೋ ಹೊತ್ತಿಗೆ ಇವರ ಆಟ ಮುಗಿದಿರುತ್ತೆ."

"ಮತ್ತೆ ರಿಜಿಸ್ಟರ್?"

"ಆ ಗೇಟಲ್ಲಿ ರಿಜಿಸ್ಟರ್ ಎಲ್ಲಿದೆ? ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು ನಿಮ್ಮ ಕಥೆ!" ತಾತ ನಗುತ್ತಾ ಹೊರಟುಹೋದ.

ಅವಳು ಕೆಂಪು ಗೆರೆಯ ಪಟ್ಟಿಯನ್ನು ಅವನ ಮುಂದಿಟ್ಟು, ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಅವನು ತಪ್ಪು ಮಾಡಿದವನಂತೆ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟ. ತನ್ನದೂ ಸೇರಿ ಒಂಬತ್ತರಲ್ಲಿ ಆರು! ಬರ್ತಾನೇ ಇದೀನಿ ಎಂದವರೆಲ್ಲ ನಿಜವನ್ನೇ ಹೇಳಿದ್ದರು. ಶನಿವಾರದ ಸಭೆಗೆ ಇಷ್ಟು ಸಾಕಿತ್ತು.

"ದಿನಾ ಬಂದ್ರೂ ಸಹಿ ಯಾಕೆ ಹಾಕ್ಲಿಲ್ಲ? ನಿಮ್ಮಿಂದ ನನ್ನ ಕೆಲಸಾನೇ ಹೋಗ್ತಿತ್ತು, ಗೊತ್ತಾ?"

ಅವನ ಮುಖ ಸಪ್ಪಗಾಯಿತು. "ದೇವರಾಣೆ ಗೊತ್ತಿರ್ಲಿಲ್ಲ... ಸಹಿ ಹಾಕಿದ್ರೆ ನೀವು ಫೋನ್ ಮಾಡಲ್ವಲ್ಲ ಅಂತ... ಪೇಷೆಂಟುಗಳಿಗೆಲ್ಲ ಆರು ತಿಂಗಳಿಗೊಮ್ಮೆ ನಾನೇ ಫೋನ್ ಮಾಡಿ ವಿಚಾರಿಸ್ತೀನಿ. ನನ್ನನ್ನ ವಿಚಾರಿಸೋರು ಯಾರೂ ಇಲ್ಲ. ನೀವು 'ಹೇಗಿದೀರಾ' ಅಂತೀರಲ್ಲ, ಅದೊಂದು ಮಾತಿಗೋಸ್ಕರ..." ಅವನು ಪಟ್ಟಿಯಿಂದ ಬೆರಳು ತೆಗೆದ. "ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಆ ಪತ್ರವನ್ನು ಹರಿದು ಕಸದ ಬುಟ್ಟಿಗೆ ಹಾಕಿದಳು. ಕಣ್ಣೊರೆಸಿಕೊಂಡು, ಗೆರೆ ಎಳೆಯಲು ತರಿಸಿಕೊಂಡಿದ್ದ ಗೇಟಿನ ರಿಜಿಸ್ಟರನ್ನು ಅವನ ಮುಂದೆ ತಳ್ಳಿದಳು.

"ಸಹಿ ಹಾಕಿ. ನಾಳೇನೂ ಹಾಕಿ. ದಿನಾ ಹಾಕಿ."

"ದಿನಾ ಹಾಕಿದ್ರೆ... ಫೋನು?"

"ಅದೂ ದಿನಾ." ಅವಳ ತುಟಿಯಂಚಿನಲ್ಲಿ ನಗು ತುಳುಕಿತು. "ಆದ್ರೆ ಅಷ್ಟೊತ್ತು ಏನು ಮಾತು ಅಂತ ಅಮ್ಮ ಕೇಳ್ತಾರೆ. ನೀವೇ ಮನೆಗೆ ಬಂದು ಉತ್ತರ ಹೇಳ್ಬೇಕು."

ಆ ಗುಳಿ ಮತ್ತೆ ಬಿತ್ತು. "ಇವತ್ತು ಸಂಜೆನೇ ಬರ್ಲಾ?"

"ಮೊದ್ಲು ಸಹಿ ಹಾಕ್ರೀ!"