ಎರಡನೇ ಸಲ ಕೇಳುವಂತಿಲ್ಲ

ಎಲ್ಡನ್ ಟೀಗ್ ವಕೀಲಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದಿದ್ದ. ಜೊತೆಗೆ ಓದಿದ ಮಾರ್ವಿನ್ ಪ್ರುಯಿಟ್ ಮೊದಲ ಸಲಕ್ಕೇ ಪಾಸಾಗಿ ಊರಿನ ದೊಡ್ಡ ವಕೀಲನಾದ. ಎಲ್ಡನ್ ಹೈಸ್ಕೂಲು ಮಕ್ಕಳಿಗೆ ಸಂವಿಧಾನದ ಪಾಠ ಹೇಳುತ್ತ ಕೂದಲು ನರೆಸಿಕೊಂಡ. ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಶುಕ್ರವಾರದ ಚರ್ಚಿನ ಮೀನೂಟದಲ್ಲಿ ಮಾರ್ವಿನ್ ಅವನ ಹೆಗಲ ಮೇಲೆ ಕೈಹಾಕಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ:

"ನಮ್ಮ ಎಲ್ಡನ್ನು ಪ್ರತಿಫಲ ಇಲ್ಲದ ಕರಾರಿದ್ದಂಗೆ ಕಣ್ರಪ್ಪ. ಕಾಗದ ಇದೆ, ಸಹಿ ಇದೆ, ಕೋರ್ಟಲ್ಲಿ ಮಾತ್ರ ಮೂರು ಕಾಸಿನ ಬೆಲೆ ಇಲ್ಲ."

ಜನ ನಗುತ್ತಿದ್ದರು. ಎಲ್ಡನ್ನೂ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ.

ದಡ್ಡರು ಕೊಲೆ ಮಾಡಿ ಸಿಕ್ಕಿಬೀಳದಿರಲು ಒದ್ದಾಡುತ್ತಾರೆ ಎಂದುಕೊಂಡ ಅವನು. ತಾನು ಸಿಕ್ಕಿಬೀಳಬೇಕು, ಕಟಕಟೆ ಹತ್ತಬೇಕು, ಬಿಡುಗಡೆಯಾಗಬೇಕು. ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆಗೆ ಎಳೆಯುವಂತಿಲ್ಲ. ಐದನೇ ತಿದ್ದುಪಡಿಯ ಆ ಪಾಠ ಅವನಿಗೆ ಬಾಯಿಪಾಠ. ಒಮ್ಮೆ ನಿರ್ದೋಷಿ ಎಂದಾದರೆ ಆಮೇಲೆ ಡಂಗುರ ಸಾರಿದರೂ ಯಾರೂ ಕೂದಲು ಕೊಂಕಿಸಲಾರರು. ನಿಜ ಹೇಳಬೇಕೆಂದರೆ, ಕೊಲ್ಲುವುದಕ್ಕಿಂತ ಡಂಗುರ ಸಾರುವ ಆಸೆಯೇ ಅವನಿಗೆ ಹೆಚ್ಚಿತ್ತು.

ಒಂದು ಸಂಜೆ ಮಾರ್ವಿನ್ ಕ್ಷೌರ ಮಾಡಿಸಿಕೊಂಡು ಹೊರಬಂದಾಗ ಎಲ್ಡನ್ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಮಾರ್ವಿನ್ ಕುಡಿದು, ರಸ್ತೆ ದಾಟಿ ಮನೆಗೆ ಹೋಗಿ, ಬೆಳಗಾಗುವುದರೊಳಗೆ ಹೊಟ್ಟೆ ಹಿಡಿದುಕೊಂಡು ಸತ್ತ.

ಪಾಷಾಣದ ಡಬ್ಬಿಯನ್ನು ಎಲ್ಡನ್ ತನ್ನ ಶೆಡ್ಡಿನಲ್ಲೇ ಇಟ್ಟು ಬೀಗ ಹಾಕಿದ. ಡಬ್ಬಿ ಅಲ್ಲಿದೆಯೆಂದು ಹೆಸರು ಹೇಳದೆ ಪೊಲೀಸರಿಗೆ ತಾನೇ ಫೋನು ಮಾಡಿದ. ಊರಿನ ಪೊಲೀಸ್ ಅಧಿಕಾರಿ ಅವನ ಹಳೇ ಶಿಷ್ಯ. ವಾರಂಟಿಲ್ಲದೆ ಶೋಧಿಸುವಂತಿಲ್ಲ ಎನ್ನುವ ನಾಲ್ಕನೇ ತಿದ್ದುಪಡಿಯ ಪಾಠದಲ್ಲಿ ಗೊರಕೆ ಹೊಡೆದವನು. ವಾರಂಟಿಗೆ ಕಾಯದೆ ಬೀಗ ಒಡೆದ. ಅಕ್ರಮ ಶೋಧನೆ, ಡಬ್ಬಿ ಸಾಕ್ಷ್ಯವೇ ಅಲ್ಲ ಎಂದರು ನ್ಯಾಯಾಧೀಶರು. ಚುನಾವಣೆ ಹತ್ತಿರವಿದ್ದ ಸರ್ಕಾರಿ ವಕೀಲನಿಗೆ ಮೊಕದ್ದಮೆ ಕೈಬಿಡಲು ಧೈರ್ಯವಿರಲಿಲ್ಲ. ವಿಷ ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂದು ಅವನಿಗೆ ಹೇಳಲಾಗಲಿಲ್ಲ. ಎಲ್ಡನ್ ತುಟಿ ಬಿಚ್ಚಲಿಲ್ಲ. ಅದೂ ಅವನ ಹಕ್ಕೇ. ವರ್ಜೀನಿಯಾದ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು.

ಮುಂದಿನ ಶುಕ್ರವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೀನೂಟಕ್ಕೆ ಹೋದ. ಮಾರ್ವಿನ್ನನ ಹೆಂಡತಿ ನಡೀನ್ ಒಂದು ಮೂಲೆಯಲ್ಲಿ ಕೂತಿದ್ದಳು. ಅವಳ ಹೆಗಲ ಮೇಲೆ ಕೈಹಾಕಿ ದನಿ ಏರಿಸಿದ.

"ನಿನ್ನ ಗಂಡನ್ನ ಕೊಂದಿದ್ದು ನಾನೇ, ನಡೀನ್. ಬೆಳಗಿನ ತನಕ ಒದ್ದಾಡಿದ್ನಂತಲ್ಲ? ಅಷ್ಟು ಹೊತ್ತು ಆಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ. ಕೇಳಿ ಖುಷಿಯಾಯ್ತು."

ಮೀನು ಬಾಯಲ್ಲಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಪೊಲೀಸಿನವನು ಧಡಕ್ಕನೆ ಎದ್ದ. ಇನ್ನು ಏನೂ ಮಾಡುವಂತಿಲ್ಲ, ಹೋಗಿ ಪಾಠ ಓದಿಕೋ ಎಂದ ಎಲ್ಡನ್. ಅವನು ಮತ್ತೆ ಕೂತ. ಎಲ್ಡನ್ನನಿಗೆ ಜನ್ಮ ಸಾರ್ಥಕವಾದಂತಿತ್ತು.

ನಡೀನ್ ಅಳಲಿಲ್ಲ. ಗಂಡನ ಕಚೇರಿಯಲ್ಲಿ ಜೀವಮಾನವೆಲ್ಲ ಟೈಪು ಮಾಡಿದವಳು. ಬಾಯಿ ಒರೆಸಿಕೊಂಡು ಕೇಳಿದಳು:

"ಅವತ್ತು ಮನೇಲಿ ಅವ್ನು ಏನೂ ಮುಟ್ಲಿಲ್ಲ. ಎಲ್ಲಿ ಕೊಟ್ಟೆ?"

"ಕ್ಷೌರದಂಗಡಿ ಮುಂದಿನ ಬೆಂಚಲ್ಲಿ. ಚಪ್ಪರಿಸ್ಕೊಂಡು ಕುಡ್ದ."

"ಇನ್ನೊಂದ್ಸಲ ಹೇಳು. ಹಿಂದೆ ಕೂತೋರಿಗೂ ಕೇಳ್ಲಿ."

ಎಲ್ಡನ್ ಇನ್ನೂ ಗಟ್ಟಿಯಾಗಿ ಹೇಳಿದ.

ಹುಟ್ಟಿದಾಗಿನಿಂದ ಅವನು ದಿನಕ್ಕೆ ಹತ್ತು ಸಲ ದಾಟುತ್ತಿದ್ದ, ಕ್ಷೌರದಂಗಡಿ ಮುಂದಿನ ಆ ಬೀದಿಯ ಈ ಬದಿ ವರ್ಜೀನಿಯಾ, ಆ ಬದಿ ಟೆನೆಸ್ಸಿ. ಗಡಿ ನಡುರಸ್ತೆಯಲ್ಲೇ ಹಾದುಹೋಗುತ್ತದೆ, ಊರಿನವರಿಗೆ ಅದು ಬರೀ ರಸ್ತೆ. ಮಾರ್ವಿನ್ ಸತ್ತದ್ದು ಈ ಬದಿಯ ಮನೆಯಲ್ಲಿ, ಆದ್ದರಿಂದ ವಿಚಾರಣೆ ನಡೆಸಿ ಬಿಟ್ಟದ್ದು ವರ್ಜೀನಿಯಾ. ಆದರೆ ಈ ದೇಶದಲ್ಲಿ ಒಂದೊಂದು ರಾಜ್ಯವೂ ತನ್ನ ಕಾನೂನಿಗೆ ತಾನೇ ದೊರೆ. ಒಂದು ಬಿಟ್ಟವನನ್ನು ಇನ್ನೊಂದು ಹಿಡಿಯಬಹುದು. "ಬೆಂಚಿರೋದು ಆ ಕಡೆ ಅಲ್ವಾ, ಎಲ್ಡನ್," ಎಂದಳು ನಡೀನ್. "ಟೆನೆಸ್ಸಿಯೋರು ನಿನ್ನ ಇನ್ನೂ ಮೊದಲನೇ ಸಲಾನೂ ಕೇಳಿಲ್ಲ. ಅಲ್ಲಿ ಮರಣದಂಡನೆ ಇನ್ನೂ ಇದೆ."