ಬೀದಿಗೆ ಮುಖ ಮಾಡಿದ ಚಪ್ಪಲಿಗಳು

“ಆ ಅಜ್ಜಿಗೆ ನೀವು ಏನಂದ್ರಿ?”

ಸಭೆಯ ನಗು ಇನ್ನೂ ಅಡಗಿರಲಿಲ್ಲ. ಹೆಂಗಸರ ಸಾಲಿನಿಂದ ಎದ್ದು ಹೀಗೆ ಕೇಳಿದವಳು ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಹೂವಮ್ಮ. ವೇದಿಕೆಯ ಮೇಲಿದ್ದವನು ಸೊರಬ ಸೀಮೆಯ ಹೊಸಬಾಳೆಯ ಮಂಜಪ್ಪ. ಜಪಾನಿನ ಭತ್ತದ ನಾಟಿಯನ್ನು ಕಲಿಯಲೆಂದು ರೈತರ ತಂಡದೊಡನೆ ಹೋಗಿ, ಒಂದು ವರುಷ ಅಲ್ಲಿಯೇ ಇದ್ದು, ಐವತ್ತೆಂಟನೆಯ ಇಸವಿಯಲ್ಲಿ ಊರಿಗೆ ಮರಳಿದವನು.

ಜನ ಬಂದದ್ದು ಭತ್ತದ ವಿಚಾರ ಕೇಳಲು. ಆದರೆ ಕಿವಿ ನಿಮಿರಿಸಿದ್ದು ಅಲ್ಲಿಯ ಮನೆಗಳ ರೀತಿನೀತಿಗೆ. ಅಲ್ಲಿ ಮೈಯನ್ನು ತೊಟ್ಟಿಯ ಹೊರಗೇ ತೊಳೆದುಕೊಂಡು, ಆಮೇಲೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ತೊಟ್ಟಿಯ ಬಿಸಿನೀರಿನಲ್ಲಿ ಕೂರುತ್ತಾರಂತೆ. ಮೊದಲ ಸರದಿ ಅತಿಥಿಯದಂತೆ. ಉಡುಗೊರೆಯನ್ನು ಕೊಟ್ಟವರ ಎದುರಿಗೆ ಬಿಚ್ಚುವುದಿಲ್ಲವಂತೆ. ಅತಿಥಿ ಒಳಗೆ ಕುಳಿತಿರುವಾಗ ಮನೆಯ ಯಜಮಾನಿ ಅವನ ಪಾದರಕ್ಷೆಗಳನ್ನು ಬೀದಿಯ ಕಡೆಗೆ ತಿರುಗಿಸಿ ಜೋಡಿಸುತ್ತಾಳಂತೆ. ಹೊರಡುವಾಗ ಅವನು ಬಗ್ಗಿ ತಡಕಾಡಬಾರದೆಂದು!

ತಾನಿದ್ದ ಮನೆಯ ಮುದುಕಿ ಹಾಗೆ ಜೋಡಿಸಿ, ನಡು ಬಗ್ಗಿಸಿ ವಂದಿಸುತ್ತಿದ್ದ ಭಂಗಿಯನ್ನು ಮಂಜಪ್ಪ ಮಾಡಿ ತೋರಿಸಿದ. ಸಭೆ ಗೊಳ್ಳೆಂದಿತು. ಹೂವಮ್ಮನೊಬ್ಬಳು ನಗಲಿಲ್ಲ.

ಅವಳ ಪ್ರಶ್ನೆಗೆ ಅವನ ಮುಖ ಕೆಂಪೇರಿತು. “ಏನೂ ಅನ್ನಲಿಲ್ಲ... ಹಾಕ್ಕೊಂಡು ಹೋದೆ” ಎಂದ. ಆಮೇಲೆ ಅವನ ಮಾತು ದಾರಿ ತಪ್ಪಿತು. ಕಣ್ಣು ಮಾತ್ರ ಮತ್ತೆ ಮತ್ತೆ ಆ ಸಾಲನ್ನೇ ಹುಡುಕಿತು.

ಹದಿನೈದು ದಿನ ಕಳೆಯುವುದರೊಳಗೆ ಹೊಸಬಾಳೆಯಿಂದ ಹೆಣ್ಣು ಕೇಳಿ ಹೇಳಿಕಳುಹಿಸಿದರು. ‘ಅಷ್ಟು ಜನರ ನಡುವೆ ಎದುರುಮಾತಾಡಿದವಳನ್ನೇ ಬಯಸಿದನಲ್ಲ...’ ಎಂದು ಹೂವಮ್ಮ ಕರಿಹಲಗೆಯ ಮುಂದೆ ನಿಂತೇ ನಾಚಿಕೊಂಡಳು.

ಹೆಣ್ಣು ನೋಡಲು ಮಂಜಪ್ಪನೂ ಸೇರಿ ನಾಲ್ವರು ಬಂದರು. ಹಿರಿಯ ಸ್ಥಾನದಲ್ಲಿದ್ದವನು ಮಂಜಪ್ಪನ ದೊಡ್ಡಪ್ಪ ಗುತ್ಯಪ್ಪ. ಹೂವಮ್ಮ ಉಪ್ಪಿಟ್ಟು ಕೊಟ್ಟಳು, ಕಾಫಿ ಕೊಟ್ಟಳು, ತಲೆ ತಗ್ಗಿಸಿ ಒಳಗೆ ಹೋದಳು. ಹಿರಿಯರು ಮಾತಿಗೆ ಕುಳಿತಾಗ ಹಿತ್ತಿಲ ಬಾಗಿಲಿನಿಂದ ಸುತ್ತಿಕೊಂಡು ಮನೆಯ ಮುಂದಕ್ಕೆ ಬಂದಳು.

ನಾಲ್ಕು ಜೊತೆ ಚಪ್ಪಲಿಗಳು ದಿಕ್ಕಿಗೊಂದರಂತೆ ಬಿದ್ದಿದ್ದವು. ಒಂದೊಂದನ್ನೂ ಎತ್ತಿ, ಬೀದಿಯ ಕಡೆಗೆ ತಿರುಗಿಸಿ ಸಾಲಾಗಿ ಇಟ್ಟಳು. ಮಂಜಪ್ಪನವುಗಳ ಧೂಳನ್ನು ಸೆರಗಿನ ಚುಂಗಿನಿಂದ ಒರೆಸಿದಳು. ‘ನೀವು ಹೇಳಿದ್ದೊಂದನ್ನೂ ನಾನು ಮರೆತಿಲ್ಲ. ಬೇರೆ ಯಾರಿಗೆ ತಿಳಿಯದಿದ್ದರೂ ನಿಮಗೆ ತಿಳಿಯುತ್ತದೆ...’

ಹೊರಡಲೆಂದು ಬಾಗಿಲಿಗೆ ಬಂದ ಗುತ್ಯಪ್ಪ ಹೊಸಿಲಿನಲ್ಲಿಯೇ ನಿಂತ. ಬಹಳ ಹೊತ್ತು ಚಪ್ಪಲಿಗಳನ್ನೇ ನೋಡಿದ.

“ಎದ್ದು ಹೋಗಿ ಅಂತ ಬಾಯಲ್ಲೇ ಹೇಳಬಹುದಿತ್ತು, ಹುಚ್ಚರಾಯಪ್ಪನವ್ರೆ. ಮೆಟ್ಟಿನ ಕೈಲಿ ಯಾಕೆ ಹೇಳಿಸಿದ್ರಿ?”

ಹೂವಮ್ಮನ ತಂದೆ ಹುಚ್ಚರಾಯಪ್ಪನಿಗೆ ಏನೊಂದೂ ತಿಳಿಯದು. “ಯಾರವ್ವ ಇದನ್ನ ಮಾಡಿದ್ದು?” ಎಂದು ಒಳಗೆ ತಿರುಗಿ ಕೇಳಿದ.

“ನಾನೇ, ಅಪ್ಪ.”

“ಕೈಯಾಗ ಮುಟ್ಟಿದ್ಯಾ?”

ಅವಳು ಹೌದೆಂದು ತಲೆಯಾಡಿಸಿದಳು. ಕಾರಣ ಹೇಳಬೇಕೆಂದರೆ ಆ ಯುವಕನ ಮಾತನ್ನು ತಾನು ಎಷ್ಟು ಮನಸ್ಸಿಟ್ಟು ಕೇಳಿದ್ದೆನೆಂಬುದನ್ನು ಹಿರಿಯರ ಎದುರಿಗೆ ಬಿಚ್ಚಿಡಬೇಕು. ನಾಲಗೆ ಏಳಲಿಲ್ಲ. ಮಂಜಪ್ಪನ ಕಡೆ ನೋಡಿದಳು. ‘ಒಂದು ಮಾತು... ನೀವಾದರೂ ಒಂದು ಮಾತು ಹೇಳಿ.’

ಅವನು ನೆಲ ನೋಡುತ್ತ ಇಳಿದ. ಅವಳು ಜೋಡಿಸಿಟ್ಟ ಚಪ್ಪಲಿಗಳಲ್ಲಿ ಕಾಲು ತೂರಿಸಿ, ಹಿಂದಿರುಗಿ ನೋಡದೆ ನಡೆದುಬಿಟ್ಟ.

ಸುದ್ದಿ ಕೇರಿಯನ್ನು ಸುತ್ತಲು ಎರಡು ದಿನವೂ ಹಿಡಿಯಲಿಲ್ಲ. ಬಾವಿಕಟ್ಟೆಯಲ್ಲಿ ಎದುರುಮನೆಯ ಗುಡ್ಡಮ್ಮ ತನ್ನ ಚಪ್ಪಲಿಯನ್ನು ಎಳೆದುಕೊಂಡು, “ನೋಡ್ಕಳ್ರೇ, ಟೀಚರಮ್ಮ ಬಂದ್ಲು. ನಮ್ಮನ್ನೂ ಊರು ಬಿಡಿಸ್ಯಾಳು” ಎಂದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹೂವಮ್ಮ ತುಂಬಿದ ಕೊಡವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದಳು.

ಊಟಕ್ಕೆ ಕೂರುವ ಮುನ್ನ ಮೂರು ಬಾರಿ ಕೈ ತೊಳೆಯುವುದು ಅವಳಿಗೆ ರೂಢಿಯಾಯಿತು. ಕೈಗೆ ಅಂಟಿದ್ದು ಧೂಳಲ್ಲವೆಂದು ಅವಳಿಗೂ ಗೊತ್ತಿತ್ತು. ನಾನು ಬೇಡವಾದವನ ಎದುರಿಗೆ ಮನಸ್ಸನ್ನು ಇಟ್ಟೆನಲ್ಲ ಎಂಬ ಅವಮಾನ ಯಾವ ನೀರಿಗೂ ಬಿಡುವಂತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸೊರಬದ ಬಸ್ಸಿನಿಂದ ಮಂಜಪ್ಪನೊಬ್ಬನೇ ಇಳಿದು ಬಂದ. ಕಟ್ಟೆ ಹತ್ತದೆ ಅಂಗಳದ ಬಿಸಿಲಿನಲ್ಲಿ ನಿಂತ. ಹುಚ್ಚರಾಯಪ್ಪ ‘ಬಾ’ ಎನ್ನಲಿಲ್ಲ. ‘ಹೋಗು’ ಎಂದೂ ಅನ್ನಲಿಲ್ಲ. ಹೂವಮ್ಮ ಬಾಗಿಲಿನ ಮರೆಗೆ ಬಂದಳು.

“ಅವತ್ತು ಸಭೇಲಿ ನೀವು ಕೇಳಿದ್ರಲ್ಲ, ಆ ಅಜ್ಜಿಗೆ ಏನಂದ್ರಿ ಅಂತ. ನಾನು ಸುಳ್ಳು ಹೇಳಿದೆ.”

ಜಪಾನಿಗೆ ಹೋದ ಹೊಸದರಲ್ಲಿ ಆ ಪದ್ಧತಿಯ ಅರ್ಥ ಅವನಿಗೆ ತಿಳಿದಿರಲಿಲ್ಲ. ದಿನವೂ ಚಪ್ಪಲಿ ಬೀದಿಗೆ ಮುಖ ಮಾಡಿರುವುದನ್ನು ಕಂಡು, ಮುದುಕಿಗೆ ತಾನು ಬೇಡವಾಗಿದ್ದೇನೆಂದುಕೊಂಡ. ಒಂದು ತಿಂಗಳು ಒಳಗೊಳಗೇ ಕುದಿದು, ಕೊನೆಗೊಂದು ಮುಂಜಾನೆ ಆ ಚಪ್ಪಲಿಗಳನ್ನು ಅಂಗಳಕ್ಕೆ ಒದ್ದು, ಕನ್ನಡದಲ್ಲಿಯೇ ಬಾಯಿಗೆ ಬಂದಂತೆ ಬೈದು, ಬೇರೆ ಮನೆಗೆ ಹೊರಟುಹೋದ.

“ಮಾತು ತಿಳಿಯದಿದ್ರೂ ಅಜ್ಜಿಗೆ ನನ್ನ ಸಿಟ್ಟು ತಿಳೀತು. ಅಂಗಳಕ್ಕಿಳಿದು, ಚಪ್ಪಲಿ ಆರಿಸಿ ತಂದು, ಮತ್ತೆ ಹಂಗೇ ತಿರುಗಿಸಿಟ್ಟು ನಮಸ್ಕಾರ ಮಾಡ್ತು. ಅರ್ಥ ತಿಳಿದ ಮೇಲೆ ಆ ಬಾಗಿಲಿಗೆ ಹೋಗೋಕೆ ನನಗೆ ಮುಖ ಇರಲಿಲ್ಲ. ಇಲ್ಲಿಗೆ ಬಂದು ಅದನ್ನೇ ನಗೋ ಕತೆ ಮಾಡಿದೆ.”

“ನಮ್ಮ ಬಾಗಿಲಲ್ಲಿ?” ಎಂದಳು ಹೂವಮ್ಮ.

“ಇಲ್ಲಿ ಆ ಸಾಲು ನೋಡಿದ ತಕ್ಷಣ ಅಜ್ಜಿ ಕಣ್ಮುಂದೆ ಬಂತು. ಬಾಯಿ ಕಟ್ಟಿಹೋಯ್ತು. ಎರಡನೇ ಸಲ ಹೇಡಿಯಾದೆ.”

“ಮೂವತ್ತೇಳು ದಿನದಿಂದ ಕೈ ತೊಳೀತಿದೀನಿ ನಾನು.” ಅವಳು ಬಾಗಿಲಿನ ಮರೆಯಿಂದ ಈಚೆ ಬಂದಳು. “ನಿಮ್ಮ ಒಂದು ಮಾತು ಸಾಕಾಗಿತ್ತು.”

ಅವನು ತಲೆ ತಗ್ಗಿಸಿದ. ಆ ತಪ್ಪಿನಲ್ಲಿ ಹೂವಮ್ಮನಿಗೆ ತನ್ನ ಪಾಲೂ ಕಂಡಿತು.

“ನಾನೂ ಹೇಳಬಹುದಿತ್ತು” ಎಂದಳು ಮೆಲ್ಲಗೆ. “ಹೇಳಿದ್ರೆ... ನಿಮ್ಮ ಮಾತನ್ನ ಎಷ್ಟು ಮನಸ್ಸಿಟ್ಟು ಕೇಳಿದೀನಿ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು.”

ಹುಚ್ಚರಾಯಪ್ಪ ಕೆಮ್ಮಿದ. “ನಿಮ್ಮ ದೊಡ್ಡಪ್ಪಗ ಇದೆಲ್ಲ ಗೊತ್ತೈತೇನಪ್ಪ?”

ಸೊರಬದ ಸಂತೆಯಲ್ಲಿ, ದೊಡ್ಡಪ್ಪ ಯಾರ ಮುಂದೆ ಈ ಮನೆಯನ್ನು ಆಡಿಕೊಂಡಿದ್ದನೋ ಅವರ ಮುಂದೆಯೇ ಎಲ್ಲವನ್ನೂ ಹೇಳಿ ಬಂದೆನೆಂದ ಮಂಜಪ್ಪ. “ಮೊದಲು ದೊಡ್ಡಪ್ಪ ಬೈದ್ರು. ಆಮೇಲೆ ‘ಎಪ್ಪತ್ತು ವರ್ಷದಲ್ಲಿ ನನ್ನ ಮೆಟ್ಟಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ, ಮಾರಾಯ. ಅದನ್ನ ಒದ್ದು ಬಂದವನು ನಾನು’ ಅಂದ್ರು. ಬರೋ ಗುರುವಾರ ಅವರೇ ಬರ್ತಾರೆ. ಅಜ್ಜಿಗೂ ಕಾಗದ ಬರೆದಿದೀನಿ... ಓದಿ ಹೇಳೋರು ಸಿಗ್ತಾರೋ ಇಲ್ವೋ.”

ಹುಚ್ಚರಾಯಪ್ಪ ಎದ್ದ. “ಬಿಸಿಲಾಗ ಎಷ್ಟೊತ್ತು ನಿಲ್ತೀಯಪ್ಪ. ಒಳಗ ಬಾ.”

ಚಪ್ಪಲಿ ಕಳಚಿ ಮಂಜಪ್ಪ ಒಳಗೆ ಬಂದ. ಕಾಫಿ ತಂದಿಟ್ಟ ಹೂವಮ್ಮ ಈ ಸಲ ಹಿತ್ತಿಲಿನಿಂದ ಸುತ್ತಿಕೊಂಡು ಹೋಗಲಿಲ್ಲ. ತಂದೆ ನೋಡುತ್ತಿದ್ದಂತೆಯೇ, ಎದುರು ಕಟ್ಟೆಯಿಂದ ಗುಡ್ಡಮ್ಮ ಕತ್ತು ಚಾಚಿ ನೋಡುತ್ತಿದ್ದಂತೆಯೇ, ಮುಂಬಾಗಿಲಿನಿಂದ ಇಳಿದಳು.

ಬಸ್ಸಿನ ಹೊತ್ತಾಯಿತೆಂದು ಮಂಜಪ್ಪ ಬಾಗಿಲಿಗೆ ಬಂದಾಗ, ಚಪ್ಪಲಿಗಳೆರಡೂ ಹೊಸಿಲಿಗೆ ಮುಖ ಮಾಡಿ, ಒಳಗೆ ಬರಲು ಅಣಿಯಾದಂತೆ ನಿಂತಿದ್ದವು. ಪಕ್ಕದಲ್ಲಿ ಹೂವಮ್ಮ ನಿಂತಿದ್ದಳು; ತೊಳೆಯದ ಕೈಗಳನ್ನು ಮರೆಮಾಡಿರಲಿಲ್ಲ.

“ಜಪಾನಿನಲ್ಲಿ ಹೀಗಿಡಲ್ಲ” ಎಂದ ಅವನು, ಕಣ್ಣು ತುಂಬಿಕೊಂಡು.

“ಗೊತ್ತು. ಈ ಮನೇಲಿ ನಾನು ಹೀಗಿಡ್ತೀನಿ.”

“ಬಸ್ಸು ತಪ್ಪುತ್ತೆ ರೀ.”

“ತಪ್ಪಲಿ ಬಿಡಿ” ಎಂದಳು ಹೂವಮ್ಮ.