ನಾಲ್ಕು ಮೂಲೆಯ ಹಿತ್ತಾಳೆ

ಅಕ್ಟೋಬರ್ 7, ಸೋಮವಾರ ಬೆಳಿಗ್ಗೆ 8.20ಕ್ಕೆ ಕಾಲೀನ್ ಬೌಶಾರ್ ಸ್ಟಿಲ್ಸನ್ ಕೌಂಟಿಯ ಶೆರಿಫ್ ಕಚೇರಿಗೆ ಬಂದು ದೂರು ಕೊಟ್ಟಳು. ಅವಳ ಗಂಡ ಕ್ಲೀಟ್ ಶನಿವಾರ ಶೂಟಿಂಗ್ ಮೈದಾನದಲ್ಲಿ ಸತ್ತಿದ್ದ. ಎಲ್ಕ್ ಜಿಂಕೆಯ ಬೇಟೆ ಶುರುವಾಗುವ ಮೊದಲು ರೈಫಲಿನ ಗುರಿ ನೋಡಿಕೊಳ್ಳಲು ಹೋಗಿದ್ದ. ಮೊದಲ ಗುಂಡಿಗೇ ರೈಫಲು ಹಿಂದಕ್ಕೆ ಸಿಡಿದಿತ್ತು. ಕಚೇರಿ ಅದನ್ನು ಆಕಸ್ಮಿಕವೆಂದು ಬರೆದುಕೊಂಡಿತ್ತು.

"ಆಕಸ್ಮಿಕ ಅನ್ನೋದನ್ನ ಹೊಡೆದುಹಾಕಿ," ಎಂದಳು ಕಾಲೀನ್. "ನನ್ನ ಗಂಡನಿಗೆ ಒಂದು ಮೊಟ್ಟೆ ಬೇಯಿಸೋಕೆ ಬರ್ತಿರ್ಲಿಲ್ಲ. ಆದ್ರೆ ರೈಫಲ್ ವಿಷ್ಯದಲ್ಲಿ ಒಂದು ದಿನಾನೂ ಎಡವಿದೋನಲ್ಲ. ತಪ್ಪು ಆ ತೋಟಾದಲ್ಲೇ ಇದೆ."

"ತುಂಬಿದ್ದು ಯಾರು?" ಡಿಟೆಕ್ಟಿವ್ ನೇಡೀನ್ ಟಾಲಿವರ್ ಕೇಳಿದಳು.

ಕಾಲೀನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಆರ್ಲೋ, ಕ್ಲೀಟ್‌ನ ಗೆಳೆಯ. ಯಾವಾಗ್ಲೂ ಅವನೇ. ಆದ್ರೆ ಆರ್ಲೋ ತಪ್ಪು ಮಾಡಲ್ಲ. ಅದಕ್ಕೇ ನಂಗೆ ಅರ್ಥ ಆಗ್ತಿಲ್ಲ."

ನೇಡೀನ್ ಆಕಸ್ಮಿಕ ಎಂಬ ಪದವನ್ನು ಹೊಡೆದುಹಾಕಿ, ಅನುಮಾನಾಸ್ಪದ ಸಾವು ಎಂದು ದಾಖಲಿಸಿದಳು.

ಹನ್ನೊಂದು ಗಂಟೆಗೆ ಅವಳು ಡೆಪ್ಯುಟಿ ಡ್ವೇನ್ ಆಮ್‌ಕ್ವಿಸ್ಟ್‌ನನ್ನು ಕರೆದುಕೊಂಡು ಮೈದಾನಕ್ಕೆ ಹೋಗಿ, ಶೂಟಿಂಗ್ ಕ್ಲಬ್ಬಿನ ಇಬ್ಬರು ಸದಸ್ಯರ ಎದುರಿಗೆ ಮತ್ತೊಮ್ಮೆ ಮಹಜರು ಮಾಡಿದಳು. ಸೀಳಿಹೋದ ರೈಫಲು ಕ್ಲೀಟ್‌ನ ತಂದೆಯ ಕಾಲದ್ದು. ಹುಲ್ಲಿನಲ್ಲಿ ತೋಟಾದ ತಳದ ಒಂದು ಹಿತ್ತಾಳೆ ಚೂರು ಸಿಕ್ಕಿತು. ಬೆಂಚಿನ ಮೇಲಿದ್ದ ತೋಟಾ ಪೆಟ್ಟಿಗೆಯಲ್ಲಿ ಒಂದು ಗುಣಿ ಮಾತ್ರ ಖಾಲಿ, ಎಡಮೂಲೆಯದು.

"ಬೇರೆಯವರ ಹಲ್ಲುಜ್ಜೋ ಬ್ರಷ್ಷು, ಬೇರೆಯವರು ತುಂಬಿದ ತೋಟಾ, ಎರಡನ್ನೂ ಮುಟ್ಬೇಡ ಅಂತಿದ್ದ ನಮ್ಮಪ್ಪ," ಎಂದ ಡ್ವೇನ್.

"ನೀನು ಯಾರು ತುಂಬಿದ್ದು ಹಾರಿಸ್ತೀಯ?"

ಡ್ವೇನ್ ಬೂಟಿನ ತುದಿಯಿಂದ ನೆಲ ಕೆದಕಿದ. "ಆರ್ಲೋದು. ಈ ಕಣಿವೇಲಿ ಅವನನ್ನ ಬೇರೆಯವನು ಅಂತ ಯಾರು ಲೆಕ್ಕಕ್ಕೆ ಇಟ್ಟಿದಾರೆ?"

ಈ ಕಡೆಯವರು ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚವನ್ನು ಬಿಸಾಡುವುದಿಲ್ಲ. ಮೈದಾನದಲ್ಲಿ ಬಕೆಟ್ಟಿಗೆ ಹಾಕುತ್ತಾರೆ. ಅದನ್ನು ವಿಂಗಡಿಸಿ, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಮತ್ತೆ ತೋಟಾ. ವಿಂಗಡಿಸುವಾಗ ಅಳತೆಯೊಂದನ್ನೇ ನೋಡಿದರೆ ಸಾಲದು, ತಳದಲ್ಲಿ ಒತ್ತಿರುವ ಗುರುತನ್ನೂ ಓದಬೇಕು. ಸೈನ್ಯದ ಹಿತ್ತಾಳೆ ಹೊರಗೆ ನೋಡಲು ಅಂಗಡಿಯದರ ಹಾಗೆಯೇ ಇರುತ್ತದೆ. ಆದರೆ ಅದರ ಗೋಡೆ ದಪ್ಪ, ಹೊಟ್ಟೆ ಚಿಕ್ಕದು. ಅಷ್ಟೇ ಮದ್ದು ತುಂಬಿದರೆ ಒತ್ತಡ ಏರುತ್ತದೆ.

ಗುರುವಾರ ಮಿಸ್ಸೂಲಾದ ಪ್ರಯೋಗಾಲಯದಿಂದ ವರದಿ ಬಂತು. ಚೂರಿನ ಮೇಲೆ ವೃತ್ತದೊಳಗೆ ಶಿಲುಬೆ: ಸೈನ್ಯದ ಗುರುತು. ಮದ್ದು ಕ್ಲೀಟ್ ಬಯಸುತ್ತಿದ್ದ ಅಳತೆಯದು, ಮಿತಿಯ ಅಂಚಿನದು. ರೈಫಲಿನಲ್ಲಿ ತೋಟಾವನ್ನು ಹಿಂದಿನಿಂದ ತಡೆಹಿಡಿಯುವ ಬೋಲ್ಟಿನಲ್ಲಿ ಕೂದಲೆಳೆಯಂಥ ಹಳೆಯ ಬಿರುಕೂ ಇತ್ತು. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಆತ ಬಹುಶಃ ಬದುಕಿರುತ್ತಿದ್ದ ಎಂದು ಪರೀಕ್ಷಕರು ಬರೆದಿದ್ದರು.

ನೇಡೀನ್ ಪೆಟ್ಟಿಗೆಯ ತೋಟಾಗಳನ್ನು ಇದ್ದ ಜಾಗದಲ್ಲೇ ತಲೆಕೆಳಗು ಮಾಡಿ ತಳ ಓದುತ್ತಾ ಹೋದಳು. ಎಲ್ಲ ಅಂಗಡಿಯ ಹಿತ್ತಾಳೆ. ಮೂರರಲ್ಲಿ ಮಾತ್ರ ಶಿಲುಬೆ. ಆ ಮೂರೂ ಪೆಟ್ಟಿಗೆಯ ಉಳಿದ ಮೂರು ಮೂಲೆಗಳಲ್ಲಿ ಇದ್ದವು.

"ಕಣ್ತಪ್ಪಾಗಿದ್ರೆ ಅಲ್ಲೊಂದು ಇಲ್ಲೊಂದು ಇರ್ತಿತ್ತು," ಎಂದಳು. "ಇದು ಯಾರೋ ಕೂತು ಜೋಡಿಸಿದ್ದು."

ಡ್ವೇನ್ ಪೆಟ್ಟಿಗೆಯಿಂದ ಹಿಂದೆ ಸರಿದ. "ಕೊಲೆ ಅಂತೀರಾ? ಆರ್ಲೋನಾ? ಕ್ಲೀಟ್ ಸತ್ತ ದಿನ ಕಾಲೀನ್ ಮನೇಲಿ ಪಾತ್ರೆ ತೊಳೆದೋನು ಅವನು!"

"ಎಲ್ಲರೂ ಮೊದಲು ತಗೊಳ್ಳೋದು ಮೂಲೇದನ್ನೇ, ಡ್ವೇನ್."

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಆರ್ಲೋ ಸ್ಟೆನ್ಸ್‌ರೂಡ್‌ನ ಮನೆಗೆ ಹೋದರು. ಆತ ನಿವೃತ್ತ ರೈಲ್ವೆ ಮೆಕ್ಯಾನಿಕ್. ಇವರಿಗಾಗಿ ಕಾದಿದ್ದವನಂತೆ ಬಾಗಿಲಲ್ಲೇ ನಿಂತಿದ್ದ.

"ಹಿತ್ತಾಳೆ ವಿಂಗಡಿಸಿದ್ದು ಯಾರು?" ನೇಡೀನ್ ಕೇಳಿದಳು.

"ನಾನೇ."

"ಶಿಲುಬೆ ಗುರುತು ನಾಲ್ಕೂ ಮೂಲೆಗೆ ಹೇಗೆ ಬಂತು?"

ಆರ್ಲೋ ಬೆಚ್ಚಿದ. ಮೂಲೆಯ ಸಂಗತಿ ಆತನಿಗೆ ಗೊತ್ತಿರಲಿಲ್ಲವೆಂದು ನೇಡೀನ್‌ಗೆ ಆ ಕ್ಷಣವೇ ತಿಳಿಯಿತು. "ನಾನೇ ಅಂದ್ನಲ್ಲ," ಎಂದ ತಗ್ಗಿದ ದನಿಯಲ್ಲಿ. "ಬರ್ಕೊಳ್ಳಿ. ಸಹಿ ಹಾಕ್ತೀನಿ."

ಒಳಗಿನಿಂದ ಹಿತ್ತಾಳೆ ಕಿಣಿಕಿಣಿ ಎನ್ನುವ ಸದ್ದು ಬರುತ್ತಿತ್ತು. ನೇಡೀನ್ ಆತನನ್ನು ದಾಟಿ ಅಡಿಗೆಮನೆಗೆ ಹೋದಳು.

ಆರ್ಲೋನ ಹೆಂಡತಿ ಲವಾನ್ ಮೇಜಿನ ಮುಂದೆ ಕೂತಿದ್ದಳು. ಸ್ವೆಟರಿನ ಗುಂಡಿಗಳು ಒಂದು ಮನೆ ತಪ್ಪಿದ್ದವು. ಎದುರಿಗೆ ಖಾಲಿ ತೋಟಾಗಳ ರಾಶಿ, ಪಕ್ಕದಲ್ಲಿ ಸಾಲುಸಾಲು ಗುಣಿಗಳ ಮರದ ಹಲಗೆ. ಒಂದೊಂದನ್ನೇ ಎತ್ತಿ, ತಳ ನೋಡಿ, ಬಾಯಿ ಮೇಲಾಗಿ ಹಲಗೆಯಲ್ಲಿ ಇಡುತ್ತಿದ್ದಳು. ಇಟ್ಟ ಮೇಲೆ ತಳ ಕಾಣುವುದಿಲ್ಲ.

"ಬಾ ಪುಟ್ಟಿ, ಕೂತ್ಕೋ. ನೀನು ಹಾಲಿನವರ ಮಗಳಲ್ವಾ?"

"ಹೌದಮ್ಮ," ಎಂದಳು ನೇಡೀನ್. "ಇದು ಯಾರಿಗೆ?"

"ಕ್ಲೀಟ್‌ಗೆ. ನಾಳೆ ಬರ್ತಾನೆ. ನನ್ನ ಆಪಲ್ ಪೈ ತಿನ್ನೋಕೇ ಬರೋದು ಆ ಹೊಟ್ಟೆಬಾಕ, ತೋಟಾ ಬರೀ ನೆಪ." ಲವಾನ್ ನಕ್ಕಳು. ಕೈಗೆ ಬಂದ ಒಂದನ್ನು ಬೆಳಕಿಗೆ ಹಿಡಿದು, ಗಲ್ಲಕ್ಕೊತ್ತಿ, ಹಲಗೆಯ ಮೂಲೆಯಲ್ಲಿಟ್ಟಳು.

"ಅದ್ಯಾಕೆ ಅಲ್ಲಿಟ್ರಿ?"

"ಶಿಲುಬೆ ಇದ್ಯಲ್ಲ, ಪುಟ್ಟಿ. ನಮ್ಮಮ್ಮ ಕುರಿದೊಡ್ಡಿಯ ನಾಲ್ಕು ಮೂಲೆಗೂ ಶಿಲುಬೆ ನೆಡ್ತಿದ್ಳು. ಒಳಗಿರೋರಿಗೆ ಏನೂ ಆಗಲ್ಲ."

ಬಾಗಿಲ ಬಳಿ ನಿಂತಿದ್ದ ಆರ್ಲೋ ಗೋಡೆ ಹಿಡಿದುಕೊಂಡ.

ಹೊರಗಿನ ಮೆಟ್ಟಿಲ ಮೇಲೆ ಆತ ಪೂರ್ತಿ ಹೇಳಿದ. "ಮೂರು ವರ್ಷದಿಂದ ಅವಳಿಗೆ ಎಲ್ಲಾ ಮರೆತು ಹೋಗ್ತಿದೆ. ಒಲೆ ಬಿಡಿಸಿದೆ, ಕಾರು ಬಿಡಿಸಿದೆ, ಹೊಲಿಗೆ ಅವಳೇ ಬಿಟ್ಳು. ಉಳಿದಿದ್ದು ಇದೊಂದೇ. ಇದ್ರ ಮುಂದೆ ಕೂತ್ರೆ ಅಳ್ತಿರ್ಲಿಲ್ಲ. ಅವಳು ಮಾಡಿದ್ದನ್ನ ನಾನು ಗ್ಯಾರೇಜಲ್ಲಿ ಮತ್ತೆ ಪೂರ್ತಿ ತಿರುವಿ ನೋಡ್ತಿದ್ದೆ. ಅವಳಿಗೆ ಗೊತ್ತಾಗದ ಹಾಗೆ."

"ಈ ಸಲ ಯಾಕೆ ನೋಡ್ಲಿಲ್ಲ?"

"ಸೆಪ್ಟೆಂಬರಲ್ಲಿ ಒಂದಿನ ಹಿಂದೆ ಬಂದು ನಿಂತಿದ್ಳು. ಎಲ್ಲಾ ಸಲನೂ ಹೀಗೇ ಮಾಡ್ತಿದ್ಯಾ ಆರ್ಲೋ, ನನ್ನ ಕೈಲಿ ಇದೂ ಆಗಲ್ವಾ ಅಂತ ಕೇಳಿದ್ಳು. ಎರಡು ದಿನ ಊಟ ಮುಟ್ಲಿಲ್ಲ. ಮದುವೆ ಮರೆತಳು, ಅಣ್ಣನ ಸಾವು ಮರೆತಳು. ಇದನ್ನ ಮಾತ್ರ ಮರೀಲಿಲ್ಲ ನೋಡಿ." ಆತ ಅಂಗೈ ನೋಡಿಕೊಂಡ. "ಕ್ಲೀಟ್‌ದು ತುಂಬುವಾಗ ಪಕ್ಕದಲ್ಲೇ ನಿಂತಿದ್ಳು. ನನ್ನ ಕಡೆ ನೋಡ್ತಾ ಇದ್ಳು. ನಾನು ತಿರುವಿ ನೋಡ್ಲಿಲ್ಲ. ಹಲಗೇಲಿದ್ದ ಸಾಲಿನಲ್ಲೇ ತುಂಬಿ ಪೆಟ್ಟಿಗೆಗೆ ಇಟ್ಟೆ."

"ತುಂಬುವಾಗ ಏನೂ ಗೊತ್ತಾಗ್ಲಿಲ್ವಾ?"

ಆತ ಹೆಬ್ಬೆರಳು ಒತ್ತಿ ತೋರಿಸಿದ. "ಸೈನ್ಯದ ಹಿತ್ತಾಳೇಲಿ ಕೇಪು ಬಿಗಿಯಾಗಿ ಕೂರತ್ತೆ. ಮೊದಲ್ನೇದು ಬಿಗಿಯಾಯ್ತು. ಆಮೇಲೆ ಮತ್ತೆ ಮೂರು. ನಾಲ್ಕು ಸಲ ನನ್ನ ಕೈ ಹೇಳ್ತು, ಡಿಟೆಕ್ಟಿವ್. ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"

ಡ್ವೇನ್ ಬೇಲಿಯ ಕಡೆ ನಡೆದುಹೋದ.

"ಒಂದೇ ಒಂದು ಕೇಳ್ತೀನಿ," ಎಂದ ಆರ್ಲೋ. "ಅವಳ ಹೆಸರು ಬರೀಬೇಡಿ."

"ಹೇಳಿಕೇಲಿ ಸುಳ್ಳು ಬರಿಯೋಕೆ ನಂಗೆ ಬರಲ್ಲ. ಆದ್ರೆ ಆರೋಪ ನಿಮ್ಮೊಬ್ಬರ ಮೇಲೇ."

"ಅಷ್ಟು ಸಾಕು. ಕಾಲೀನ್‌ಗೆ ನೀವೇ ಹೇಳ್ತೀರಾ? ನನ್ನ ಕೈಲಾಗಲ್ಲ."

3.25ಕ್ಕೆ ನಿರ್ಲಕ್ಷ್ಯದಿಂದಾದ ನರಹತ್ಯೆಯ ಆರೋಪದ ಮೇಲೆ ಆರ್ಲೋನನ್ನು ಬಂಧಿಸಲಾಯಿತು. ಅಂಗಳದಲ್ಲಿ ಕೈಕೋಳ ತೊಡಿಸಲಿಲ್ಲ, ಅಡಿಗೆಮನೆಯ ಕಿಟಕಿ ಆ ಕಡೆಗೇ ಇತ್ತು. ಗ್ರೇಟ್ ಫಾಲ್ಸ್‌ನಲ್ಲಿದ್ದ ಆತನ ತಂಗಿಗೆ ಫೋನ್ ಹೋಯಿತು. ಅವಳು ಬರುವವರೆಗೆ ಡ್ವೇನ್ ಮನೆಯಲ್ಲಿರಬೇಕೆಂದಾಯಿತು. ಮೇಜಿನ ಮೇಲಿದ್ದ ಹಲಗೆ, ಹಿತ್ತಾಳೆ ಎಲ್ಲವನ್ನೂ ಜಪ್ತಿ ಮಾಡಿ ಚೀಲಗಳಿಗೆ ತುಂಬಿದರು.

ಹೊರಡುವ ಮೊದಲು ಅಲ್ಲೇ ಬರೆದ ವರದಿಯ ಕೊನೆಗೆ ನೇಡೀನ್ ಹೀಗೆ ಸೇರಿಸಿದಳು: "ವಿಂಗಡಿಸಿದಾಕೆಗೆ ಪರಿಣಾಮ ತಿಳಿಯುವ ಸ್ಥಿತಿ ಇಲ್ಲ. ಆರೋಪಿಗೆ ತಿಳಿದಿತ್ತು. ಗೆಳೆಯನ ಮೇಲೆ ಆತನಿಗೆ ದ್ವೇಷವಿರಲಿಲ್ಲ. ಹೆಂಡತಿಯ ಕೆಲಸವನ್ನು ಆಕೆಯ ಕಣ್ಣೆದುರಿಗೆ ಇನ್ನೊಮ್ಮೆ ಪರೀಕ್ಷಿಸಲು ಆತನಿಂದಾಗಲಿಲ್ಲ."

ಅವಳು ಆರ್ಲೋನನ್ನು ಕರೆದುಕೊಂಡು ಕಾರಿಗೆ ಹೊರಟಾಗ ಲವಾನ್‌ಳ ಬೆರಳುಗಳು ಖಾಲಿ ಮೇಜಿನ ಮೇಲೆ ಏನನ್ನೋ ಹುಡುಕುತ್ತಿದ್ದವು. ಡ್ವೇನ್ ತನ್ನ ಟ್ರಕ್ಕಿಗೆ ಹೋಗಿ, ಸೀಟಿನ ಹಿಂದೆ ಬಿದ್ದಿದ್ದ ಕಾಫಿ ಡಬ್ಬಿ ತಂದು ಮೇಜಿನ ಮೇಲೆ ಸುರಿದ. ಅವನ ಸ್ವಂತದ ಖಾಲಿ ಹಿತ್ತಾಳೆ, ಎಲ್ಲ ಬೆರೆತದ್ದು. ಸಾಲು ಗುಣಿಗಳಿರುವ ಒಂದು ಮಫಿನ್ ತಟ್ಟೆಯನ್ನೂ ಹುಡುಕಿ ಮುಂದಿಟ್ಟ.

ಲವಾನ್ ಒಂದೊಂದನ್ನೇ ಎತ್ತಿ ತಳ ನೋಡತೊಡಗಿದಳು. ನಾಲ್ಕನೆಯದೋ ಐದನೆಯದೋ ಕೈಯಲ್ಲಿ ನಿಂತಿತು. ಅದನ್ನು ಗಲ್ಲಕ್ಕೊತ್ತಿ ತಟ್ಟೆಯ ಮೂಲೆಯಲ್ಲಿಟ್ಟಳು.

"ಇದು ಯಾರಿಗಮ್ಮ?" ಡ್ವೇನ್ ಕೇಳಿದ.

"ಆರ್ಲೋಗೆ," ಎಂದಳು, ಕಿಟಕಿಯಾಚೆ ಹೊರಳುತ್ತಿದ್ದ ಕಾರನ್ನು ನೋಡುತ್ತಾ. "ಎಲ್ಲಿಗೋ ದೂರ ಹೊರಟ ಹಾಗಿದೆ."